ಸದ್ದಿಲ್ಲದ ಹೋಟೆಲಿನಲ್ಲಿ ಕಡಕ್ ರೊಟ್ಟಿ

ಊಟ ಮಾಡುತ್ತ ವ್ಯವಹಾರ ಮಾತಾಡುವ ಪದ್ಧತಿ ನಮ್ಮ ಉಪ್ಪಿನಬೆಟಗೇರಿಯಲ್ಲಿ ಇಲ್ಲ. ಹೊಲದ ವ್ಯಾಪಾರ ಬದುವಿನ ಮೇಲೆ ಆಗುತ್ತದೆ, ಎತ್ತಿನ ವ್ಯಾಪಾರ ಸಂತೆಯಲ್ಲಿ, ಹೆಣ್ಣು-ಗಂಡಿನ ಮಾತು ಗುಡಿಯ ಕಟ್ಟೆಯಲ್ಲಿ, ರಾಜಕಾರಣ ಚಹಾದಂಗಡಿಯಲ್ಲಿ. ಊಟದ ಹೊತ್ತಿಗೆ ಇವೆಲ್ಲ ಮುಗಿದಿರಬೇಕು. ಗಂಗಾಳದ ಮುಂದೆ ಕೂತವನ ಬಾಯಿಗೆ ಒಂದೇ ಕೆಲಸ. "ಉಣ್ಣೂವಾಗ ಮಾತಾಡಬ್ಯಾಡ" ಎಂಬ ಈ ಕಾಯ್ದೆಯನ್ನು ನಮ್ಮ ಅವ್ವ ಎಷ್ಟು ಬಿಗಿಯಾಗಿ ಜಾರಿಗೆ ತಂದಿದ್ದಾಳೆಂದರೆ, ನಮ್ಮಪ್ಪ ಕೆರೆದಂಡೆಯ ಹೊಲ ಮಾರಿದ ಸುದ್ದಿ ಹೇಳಲು ಮಜ್ಜಿಗೆ-ಅನ್ನ ಮುಗಿಯುವ ತನಕ ಕಾದಿದ್ದನಂತೆ. ಕಾದದ್ದು ಜಾಣತನವೇ. ಹೇಳಿದ ಮೇಲೆ ಎರಡು ದಿನ ಅವನಿಗೆ ಊಟವೇ ಸಿಗಲಿಲ್ಲ.

ಇಂಥ ಮನೆಯಲ್ಲಿ ಬೆಳೆದ ನನಗೆ ಬೆಂಗಳೂರಿನಿಂದ ಒಂದು ಮೇಲ್ ಬಂತು. ಬರೆದವರು ತಿಂಡಿ-ತಿನಿಸು ಮಾರುವ ಕಂಪನಿಯೊಂದರ ಖರೀದಿ ವಿಭಾಗದ ಮೇಡಂ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳಕ್ಕೆ ಎಲ್ಲಿಲ್ಲದ ಮರ್ಯಾದೆ ಬಂದಿದೆ. ನಾವು ಬೇರೆ ಗತಿಯಿಲ್ಲದೆ ತಿನ್ನುತ್ತ ಬಂದದ್ದನ್ನು ಪ್ಯಾಟಿ ಮಂದಿ ಈಗ ಡಾಕ್ಟರು ಹೇಳಿದರೆಂದು ತಿನ್ನುತ್ತಾರೆ. ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ನನ್ನಾಕೆ ಮತ್ತು ಅವಳ ಸಂಘದ ಹೆಂಗಸರು ಹಿಂಗಾರಿ ಬಿಳಿಜೋಳದ ಕಡಕ್ ರೊಟ್ಟಿ ಬಡಿಯುತ್ತಾರೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಕುಟ್ಟುತ್ತಾರೆ. ಸಂಘಕ್ಕೆ ಅವಳು ಅಧ್ಯಕ್ಷೆ. ನಾನು ಮ್ಯಾನೇಜರ್. ಈ ಹುದ್ದೆಯನ್ನು ಸಂಘ ಸೃಷ್ಟಿಸಿದ್ದಲ್ಲ. ವಿಜಿಟಿಂಗ್ ಕಾರ್ಡು ಅಚ್ಚು ಹಾಕಿಸುವಾಗ ನನ್ನ ಹೆಸರಿನ ಕೆಳಗೆ ಒಂದಿಷ್ಟು ಜಾಗ ಖಾಲಿ ಉಳಿದಿತ್ತು. ಜೋಳದ ಚೀಲ ಗಿರಣಿಗೆ ಒಯ್ಯುವುದು, ರೊಟ್ಟಿಯ ಡಬ್ಬಿಗಳನ್ನು ಬಸ್ಸಿಗೆ ಹಾಕುವುದು, ಬಂದ ಮೇಲ್ ಓದಿ ಹೇಳುವುದು ಮ್ಯಾನೇಜರನ ಕೆಲಸ. ನನಗೆ ತ್ರಾಸಾಗಬಾರದೆಂದು ಉಳಿದದ್ದನ್ನೆಲ್ಲ ಅವರೇ ಮಾಡಿಕೊಳ್ಳುತ್ತಾರೆ, ಲೆಕ್ಕ ಸಮೇತ.

ಮೇಡಂ ವಂದೇ ಭಾರತ್ ರೈಲಿಗೆ ಹುಬ್ಬಳ್ಳಿಗೆ ಬರುವವರಿದ್ದರು. ರೇಟು, ಮಾಲು, ಪ್ಯಾಕಿಂಗು ಎಲ್ಲ ಮಾತಾಡಬೇಕು. ಗದ್ದಲವಿಲ್ಲದ, ಒಳ್ಳೇ ದರ್ಜೆಯ ರೆಸ್ಟೋರೆಂಟಿನಲ್ಲಿ ಊಟ ಮಾಡುತ್ತ ಮಾತಾಡೋಣ, ಜಾಗ ನೀವೇ ಆರಿಸಿ ಎಂದು ಬರೆದಿದ್ದರು. ನೀವೇ ಆರಿಸಿ! ನನ್ನ ಮದುವೆಯ ಕಾಲಕ್ಕೂ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಆ ಸಾಲನ್ನು ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದೆ.

"ಹೋಟೆಲ್ ಯಾಕ? ಮನಿಗೇ ಕರಕೊಂಡು ಬರ್ರಿ," ಅಂದಳು ನನ್ನಾಕೆ. "ಎಣ್ಣಿಗಾಯಿ, ಮಡಿಕಿಕಾಳು ಪಲ್ಯೆ, ಹಕ್ಕರಕಿ ಪಚಡಿ, ಕೆನಿ ಮಸರು. ಇದಕ್ಕಿಂತಾ ದರ್ಜೆ ಇನ್ನೇನ್ ಬೇಕ್ರಿ?"

"ದರ್ಜೆ ಐತಿ. ಗದ್ದಲ ಇರಬಾರದು ಅಂದಾರಲಾ."

"ನಮ್ಮನ್ಯಾಗ ಏನ್ ಗದ್ದಲ ಐತಿ?" ಎಂದು ಅವ್ವ ಕೇಳಿದಳು. ಕೇಳಿದ್ದು ರಸ್ತೆಯಾಚೆಯ ದನದ ಮನೆಯಿಂದ.

ಎಂಜಿನಿಯರಿಂಗ್ ಓದುವ ಮಗ ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪು ಹಾಕಿಕೊಂಡಿದ್ದಾನೆ. ಅವ್ವನ ಪ್ರಶ್ನೆ 78 ಡೆಸಿಬೆಲ್ ತೋರಿಸಿತು. ಸಾದಾ ಮಾತುಕತೆ 60ರ ಸುಮಾರಿಗೆ ಇರುತ್ತದೆ. ಶಬ್ದಮಾಲಿನ್ಯದ ಬಗ್ಗೆ ಕೇಂದ್ರ ಸರಕಾರ 2000ನೇ ಇಸವಿಯಲ್ಲಿ ಮಾಡಿದ ನಿಯಮಗಳಂತೆ ಹಗಲು ಹೊತ್ತು ವಸತಿ ಪ್ರದೇಶದಲ್ಲಿ 55, ಅಂಗಡಿ-ಮುಂಗಟ್ಟು ಇರುವಲ್ಲಿ 65, ಕೈಗಾರಿಕಾ ಪ್ರದೇಶದಲ್ಲಿ 75 ಡೆಸಿಬೆಲ್ ಮೀರಬಾರದು. ಅಂದರೆ ಅವ್ವ ಮಾತಾಡತೊಡಗಿದರೆ ನಮ್ಮ ಮನೆ ಕಾರ್ಖಾನೆಗೂ ಲಾಯಕ್ಕಲ್ಲ. ಅದರ ಮೇಲೆ ರೊಟ್ಟಿ ಬಡಿಯುವ ಸದ್ದು, ಮಿಕ್ಸರು, ಎಮ್ಮೆ, ಹಾಡು ಹಚ್ಚಿಕೊಂಡು ಬರುವ ಪಂಚಾಯಿತಿಯ ಕಸದ ಗಾಡಿ. ಮನೆಯ ಅರ್ಜಿ ಅಲ್ಲಿಗೇ ವಜಾ ಆಯಿತು.

ಕಾಕಾ ಖಾನಾವಳಿಯ ಪರ ವಕಾಲತ್ತು ಮಾಡಿದ. "ಖಾನಾವಳ್ಯಾಗ ಯಾರರೆ ಮಾತಾಡಿದ್ದು ನೋಡೀಯೇನೋ ತಮ್ಮಾ? ಬಿಸಿ ರೊಟ್ಟಿ ಮ್ಯಾಲಿಂದ ಮ್ಯಾಲೆ ಬೀಳತಿದ್ರ ಬಾಯಿಗೆ ಪುರಸತ್ತೆಲ್ಲೈತಿ?" ಮಾತು ಖರೆ. ಧಾರವಾಡ-ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಮೆನು ಕಾರ್ಡಿನ ಚರ್ಚೆಯಿಲ್ಲ. ಕೂತೊಡನೆ ರೊಟ್ಟಿ, ಝುಣಕ, ಕಾಳಿನ ಪಲ್ಯೆ, ಕೆಂಪು ಖಾರ, ಉಳ್ಳಾಗಡ್ಡಿ. ಆದರೆ ನಾವು ಎರಡನೇ ರೊಟ್ಟಿಯಲ್ಲಿ ಇರುವಾಗಲೇ ಮುಂದಿನ ಗಿರಾಕಿ ನಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾನೆ. ಮೇಡಂ ರೇಟು ಹೇಳಿದರೆ ಅವನೂ ಒಂದು ರೇಟು ಹೇಳಿಬಿಟ್ಟಾನು. ಖಾನಾವಳಿ ಬಿಟ್ಟೆ.

ಹೀಗೆ ನನ್ನ ಶೋಧ ಶುರುವಾಯಿತು. ಉಪ್ಪಿನಬೆಟಗೇರಿಯಿಂದ ಧಾರವಾಡ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ, ಕೈಯಲ್ಲಿ ಮಗನ ಮೊಬೈಲು. ಧಾರವಾಡದ ಹೋಟೆಲುಗಳಲ್ಲಿ ಮಧ್ಯಾಹ್ನ ವಕೀಲರು ಕೂತಿರುತ್ತಾರೆ. 2008ರಲ್ಲಿ ಹೈಕೋರ್ಟಿನ ಪೀಠ ಬಂದ ಮೇಲೆ ಅವರ ಸಂಖ್ಯೆ ಏರಿದೆ. ಒಬ್ಬ ವಕೀಲರಿದ್ದರೆ 62. ಇಬ್ಬರಿದ್ದರೆ ವಾದ. ಇನ್ನೊಂದು ಕಡೆ ಬಾರ್ ಆಂಡ್ ರೆಸ್ಟೋರೆಂಟು ಮಧ್ಯಾಹ್ನ ತಣ್ಣಗಿತ್ತು, ಕತ್ತಲೆ ಬೇರೆ, ಮಾತಿಗೆ ಹೇಳಿ ಮಾಡಿಸಿದ ಜಾಗ. ಆದರೆ ನಾನು ಒಳಗೆ ಕಾಲಿಟ್ಟ ಸುದ್ದಿ, ನಾನು ಬಸ್ಸು ಹತ್ತುವ ಮೊದಲೇ ಊರ ಅಗಸಿ ತಲುಪಿತ್ತು. "ಬಿಜಿನೆಸ್ ಸಲುವಾಗಿ ನೋಡಾಕ ಹೋಗಿದ್ದೆ" ಎಂದೆ. "ಎಲ್ಲಾರೂ ಮೊದಲ ಹಂಗಽ ಅಂತಾರ," ಅಂದಳು ಅವ್ವ.

ಹೆದ್ದಾರಿ ಬದಿಯ ಹಳೇ ಹೋಟೆಲೊಂದರಲ್ಲಿ 'ಫ್ಯಾಮಿಲಿ ರೂಮ್' ಸಿಕ್ಕಿತು. ಹಲಗೆಯ ಗೋಡೆ, ದಪ್ಪ ಪರದೆ, ಕರೆಗಂಟೆ. ಸದ್ದು 51. ನನಗೆ ಆನಂದವೋ ಆನಂದ. ಮನೆಗೆ ಬಂದು, "ಮೇಡಂಗ ಫ್ಯಾಮಿಲಿ ರೂಮ್ ಬುಕ್ ಮಾಡತೇನಿ" ಎಂದೆ. ನನ್ನಾಕೆ ಲಟ್ಟಣಿಗೆ ಕೆಳಗಿಡಲಿಲ್ಲ. "ಮೇಲ್‌ನ್ಯಾಗ ಆ ಶಬ್ದ ಬರೀಬ್ಯಾಡ್ರಿ, ಪೊಲೀಸರು ಬಂದಾರು" ಅಂದಳು.

ಹೊಸ ಹೋಟೆಲುಗಳ ಮಾತೇ ಬೇರೆ. ಎಷ್ಟು ದುಬಾರಿಯೋ ಅಷ್ಟು ಗದ್ದಲ. ಕಾರಣವನ್ನು ಮಗ ವಿವರಿಸಿದ: ಗ್ರಾನೈಟಿನ ನೆಲ, ಗಾಜಿನ ಗೋಡೆ, ಎತ್ತರದ ಮಾಳಿಗೆ, ಸದ್ದನ್ನು ನುಂಗಲು ಒಂದು ತುಂಡು ಅರಿವೆ ಇಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ 1895ರಲ್ಲಿ ಒಂದು ಉಪನ್ಯಾಸ ಸಭಾಂಗಣದಲ್ಲಿ ಮಾತು ಕಲಸಿಕೊಂಡು ತಿಳಿಯದಂತಾದಾಗ, ವ್ಯಾಲೇಸ್ ಸ್ಯಾಬೈನ್ ಎಂಬ ಭೌತಶಾಸ್ತ್ರದ ಮೇಷ್ಟ್ರು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ತಂದಿಟ್ಟು, ಎಷ್ಟು ಮೆತ್ತೆಗೆ ಎಷ್ಟು ಸದ್ದು ಅಡಗುತ್ತದೆಂದು ಅಳೆದನಂತೆ. ಇದನ್ನು ಕೇಳಿದ್ದೇ ನಾನು ಅವ್ವ ಹೊಲಿದ ಕೌದಿಗಳನ್ನೆಲ್ಲ ಪಡಸಾಲೆಯ ಗೋಡೆಗೆ ನೇತುಹಾಕಿ ನೋಡಿದೆ. ಸದ್ದು ನಾಲ್ಕು ಡೆಸಿಬೆಲ್ ಇಳಿಯಿತು. ಕೌದಿಗೆ ಮೊಳೆ ಹೊಡೆದದ್ದನ್ನು ಅವ್ವ ನೋಡಿದಳು. ಒಂಬತ್ತು ಏರಿತು.

ಫ್ರಾನ್ಸಿನ ಡಾಕ್ಟರ್ ಎಟಿಯೆನ್ ಲೊಂಬಾರ್ 1911ರಲ್ಲಿ ಇನ್ನೊಂದು ಸತ್ಯ ಬರೆದಿಟ್ಟಿದ್ದಾನೆ: ಸುತ್ತ ಗದ್ದಲವಿದ್ದರೆ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಒಂದು ಟೇಬಲ್ಲಿನವರು ಏರಿಸಿದರೆ ಪಕ್ಕದವರು ಏರಿಸಬೇಕು, ಅವರು ಏರಿಸಿದರೆ ಇವರು. ಹುಬ್ಬಳ್ಳಿ-ಧಾರವಾಡದ ಮಂದಿಗೆ ಸುಮ್ಮನೆ ಕೂಡಲು ಬರುವುದಿಲ್ಲ ಎಂದಲ್ಲ. ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು ಹಾಡಿದ ಊರುಗಳಿವು. ಬೆಳತನಕ ಕೆಮ್ಮದೆ ಕೂತು ರಾಗ ಕೇಳಿದ ಜನ. ಹೋಟೆಲಿನಲ್ಲಿ ಕೂತರೆ ಮಾತ್ರ ವಿಲಂಬಿತವೇ ಇಲ್ಲ, ಎಲ್ಲರೂ ನೇರ ದ್ರುತಕ್ಕೆ.

ಕೊನೆಗೆ ಹುಬ್ಬಳ್ಳಿಯಲ್ಲಿ ಒಂದು ಲಾಡ್ಜಿಂಗಿನ ಒಳಗಿನ ರೆಸ್ಟೋರೆಂಟು ಸಿಕ್ಕಿತು. ಕಾಲು ಹೂಳುವ ಗಾಲೀಚೆ, ಮಕಮಲ್ಲಿನ ಪರದೆ, ಮೆತ್ತೆಯ ಕುರ್ಚಿ. ಮೊಬೈಲು 48 ತೋರಿಸಿತು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲಿನ ಶಾಂತ ವಲಯಕ್ಕೇ ಸರಕಾರ ಹಗಲು 50 ಬಿಟ್ಟಿದೆ! ಇಷ್ಟು ಶಾಂತಿಗೆ ಗಾಲೀಚೆಯ ಜೊತೆ ಇನ್ನೊಂದು ಕಾರಣವಿತ್ತು, ಅದು ಮೆನು ಕಾರ್ಡಿನ ಬಲಬದಿಯಲ್ಲಿ ಅಚ್ಚಾಗಿತ್ತು. ಗಿರಾಕಿಗಳು ಅದನ್ನು ಓದಿ ಮೂಕರಾಗುತ್ತಿದ್ದರು.

ಟ್ಯಾಕ್ಸಿನ ವಿಷಯ ನನಗೆ ಗೊತ್ತಿತ್ತು. ಲಾಡ್ಜಿನ ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರಿದರೆ ಅಲ್ಲಿನ ಊಟಕ್ಕೆ ಜಿಎಸ್‌ಟಿ ಶೇಕಡ 18, ಇಲ್ಲದಿದ್ದರೆ 5. ಹಾಗಾಗಿ ಕೌಂಟರಿಗೆ ಹೋಗಿ ಕೋಣೆಯ ಬಾಡಿಗೆ ಕೇಳಿದೆ.

"ಎಷ್ಟು ದಿನಕ್ಕೆ ಬೇಕು ಸರ್?"

"ಕೋಣಿ ಬ್ಯಾಡ. ಊಟಾ ಮಾಡಬೇಕಾಗೈತಿ."

ಆ ಹುಡುಗ ನನ್ನನ್ನು ಬಹಳ ಹೊತ್ತು ನೋಡಿ ಮ್ಯಾನೇಜರನನ್ನು ಕರೆದ. ಇಬ್ಬರು ಮ್ಯಾನೇಜರುಗಳು ಎದುರಾಬದುರಾದೆವು. ಅವನ ಬಳಿ ಟೈ ಇತ್ತು. ಬಾಡಿಗೆ ಕಡಿಮೆಯೇ ಇದ್ದು ಶೇಕಡ 5ರಲ್ಲಿ ಪಾರಾದೆ. 2025ರ ಸೆಪ್ಟೆಂಬರ್ 22ರಿಂದ ಚಪಾತಿ-ರೊಟ್ಟಿಯ ಮೇಲಿನ ಜಿಎಸ್‌ಟಿ ಸೊನ್ನೆ. ಅದೇ ರೊಟ್ಟಿ ಹೋಟೆಲಿನ ತಾಟಿಗೆ ಬಿದ್ದರೆ ಟ್ಯಾಕ್ಸು ಅಂಟಿಕೊಳ್ಳುತ್ತದೆ ಎಂದು ಮನೆಯಲ್ಲಿ ವಿವರಿಸಿದೆ. "ಅದಕ್ಕಽ ನಾ ಮನಿಗೆ ಕರೀರಿ ಅಂದಿದ್ದೆ" ಎಂಬ ಉತ್ತರ ಬಂತು.

ಇನ್ನು ತಾಲೀಮು. ದರ್ಜೆಯ ಜಾಗದಲ್ಲಿ ಚಾಕು-ಚಮಚೆ ಹಿಡಿಯಲು ಬರಬೇಕೆಂದು ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಚಾಕು ಹಿಡಿದು ಕೂತೆ. ಮೆತ್ತಗಿನ ರೊಟ್ಟಿ ಚಾಕುವಿಗೆ ಬಗ್ಗಲಿಲ್ಲ, ಎಳೆದತ್ತ ಬಂತು. ಕಡಕ್ ರೊಟ್ಟಿಯ ಮೇಲೆ ಒತ್ತಿದೆ. ಅರ್ಧ ತಾಟಿನಲ್ಲಿ ಉಳಿಯಿತು, ಅರ್ಧ ಹಾರಿ ಪೇಪರು ಓದುತ್ತಿದ್ದ ಕಾಕಾನ ಕನ್ನಡಕಕ್ಕೆ ಬಡಿಯಿತು. "ಮೇಡಮ್ಮಾರನ್ನ ಎದರಿಗೆ ಕೂಡಸಬ್ಯಾಡ, ಬಾಜೂಕ ಕೂಡಸು" ಎಂದು ಕಾಕಾ ಅನುಭವದ ಮಾತು ಹೇಳಿದ.

ಹೊರಡುವ ದಿನ ನಾನು ಇಸ್ತ್ರಿ ಅಂಗಿ ತೊಟ್ಟು ಹೊರಗೆ ಬಂದರೆ ಕಾಕಾನ ಕಾರಿನ ಮುಂದಿನ ಸೀಟಿನಲ್ಲಿ ಅವ್ವ ಇಳಕಲ್ ಸೀರೆ ಉಟ್ಟು ಕೂತಿದ್ದಳು. "ಹೆಂಗೂ ಹುಬ್ಬಳ್ಳಿಗೆ ಹೊಂಟೀರಿ. ಸಿದ್ಧಾರೂಢಜ್ಜನ ಮಠಕ್ಕ ಹೋಗಿ ಬರೂಣು." ಹಿಂದೆ ನನ್ನಾಕೆ, ಅವಳ ತೊಡೆಯ ಮೇಲೆ ರೊಟ್ಟಿಯ ಡಬ್ಬಿ. ಅಧ್ಯಕ್ಷರಿಲ್ಲದೆ ಮ್ಯಾನೇಜರ್ ಒಬ್ಬನೇ ರೇಟು ಮಾತಾಡಕೂಡದು ಎಂದು ಸಂಘದಲ್ಲಿ ಠರಾವು ಆಗಿತ್ತಂತೆ. ನನಗೆ ಉಳಿದದ್ದು ಡಬ್ಬಿಯ ಪಕ್ಕದ ಜಾಗ.

ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರು ಉದ್ದ. ಜಗತ್ತಿನಲ್ಲಿಯೇ ಅಷ್ಟು ಉದ್ದದ್ದು ಇನ್ನೊಂದಿಲ್ಲ ಎಂದು 2023ರ ಮಾರ್ಚಿನಲ್ಲಿ ಪ್ರಧಾನಿಗಳೇ ಬಂದು ಉದ್ಘಾಟಿಸಿ ಹೋದದ್ದು. ಮೇಡಂ ಯಾವ ಕೊನೆಗೆ ಇಳಿಯುತ್ತಾರೋ ಎಂದು ಕಾಕಾನನ್ನು ಒಂದು ಕೊನೆಗೆ ನಿಲ್ಲಿಸಿ ನಾನು ಇನ್ನೊಂದು ಕೊನೆಯವರೆಗೆ ನಡೆದೆ. ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬಂತು. ನಾವು ಬೆವರಿಳಿಸುತ್ತ ಹೊರಗೆ ಬಂದಾಗ ಮೇಡಂ ಆಗಲೇ ಕಾರಿನಲ್ಲಿ ಅವ್ವನ ಪಕ್ಕ ಕೂತು, ಮದುವೆ ಆಗಿದೆಯೇ, ಎಷ್ಟು ಪಗಾರು ಎಂಬ ಅವಳ ಪ್ರಾಥಮಿಕ ವಿಚಾರಣೆಯನ್ನು ಎದುರಿಸಿ ಮುಗಿಸಿದ್ದರು.

ರೆಸ್ಟೋರೆಂಟು ನನ್ನ ಮಾನ ಉಳಿಸಿತು. ಗಾಲೀಚೆಯ ಮೇಲೆ ನಮ್ಮ ಚಪ್ಪಲಿಯ ಸದ್ದೂ ಇಲ್ಲ. ವೇಟರ್ ಬಂದದ್ದು ಅವನು ಕೆಮ್ಮಿದ ಮೇಲೆ ತಿಳಿಯಿತು. "ತುಂಬ ಚೆನ್ನಾಗಿದೆ ಸರ್, ಎಷ್ಟು ಪ್ರಶಾಂತವಾಗಿದೆ!" ಎಂದರು ಮೇಡಂ. ನಾನು ನನ್ನಾಕೆಯ ಕಡೆ ಒಂದು ನೋಟ ಬೀರಿದೆ. ಅವಳು ಮೆನುವಿನ ಬಲಬದಿ ಓದುತ್ತಿದ್ದಳು.

ಊಟ ಬಂತು. 'ಉತ್ತರ ಕರ್ನಾಟಕ ವಿಶೇಷ' ಎಂದು ಬರೆದದ್ದನ್ನೇ ನಾನು ಹೇಳಿದ್ದು. ಕರಿಕಲ್ಲಿನ ಹಲಗೆಯ ಮೇಲೆ ಅಂಗೈಯಗಲದ ಎರಡು ರೊಟ್ಟಿ, ಒಂದು ಬದನೆಕಾಯಿ, ಮೂರು ಬಟ್ಟು ಚಟ್ನಿ. "ಪಾಟಿ ಮ್ಯಾಲ ಯಾಕ ಹಾಕ್ಯಾರೋ, ಲೆಕ್ಕಾ ಬರಿಯೂದೈತೇನು?" ಎಂದಳು ಅವ್ವ. ಮೇಡಂ ನಗುತ್ತ ತುತ್ತು ಮುರಿದು, "ಸರ್, ರೇಟಿನ ವಿಷಯಕ್ಕೆ ಬಂದರೆ..." ಎಂದು ಶುರು ಮಾಡಿದರು.

"ಯವ್ವಾ, ಉಣ್ಣೂವಾಗ ಮಾತಾಡಬ್ಯಾಡವಾ!"

48 ಡೆಸಿಬೆಲ್ಲಿನ ಕೋಣೆಯಲ್ಲಿ ಅವ್ವನ 78. ಎಲ್ಲ ಟೇಬಲ್ಲುಗಳ ಮಾತು ನಿಂತಿತು. ಮೂಲೆಯಲ್ಲಿ ಫೋನಿನಲ್ಲಿದ್ದ ಸೂಟಿನ ಸಾಹೇಬರೊಬ್ಬರು ಫೋನು ಇಟ್ಟುಬಿಟ್ಟರು. ಮೇಡಂ ಕಂಪನಿಯ ದೊಡ್ಡ ದೊಡ್ಡ ಸಪ್ಲೈಯರುಗಳನ್ನು ಬಗ್ಗಿಸಿದವರಿರಬಹುದು. ತಲೆ ತಗ್ಗಿಸಿ ತುತ್ತು ಬಾಯಿಗಿಟ್ಟುಕೊಂಡರು.

ಆ ನಿಶ್ಶಬ್ದದಲ್ಲಿ ನನ್ನಾಕೆ ಮೆಲ್ಲಗೆ ಡಬ್ಬಿ ತೆರೆದು ನಮ್ಮ ಕಡಕ್ ರೊಟ್ಟಿಯನ್ನು ಮೇಜಿನ ಕೆಳಗಿನಿಂದ ಮೇಡಂ ಕೈಗೆ ದಾಟಿಸಿದಳು. ಅವರು ಮುರಿದರು. ಇಡೀ ರೆಸ್ಟೋರೆಂಟು ಹೊರಳಿ ನೋಡಿತು. ಹೊರಗಿನ ತಿನಿಸು ತರುವಂತಿಲ್ಲ ಎಂಬ ಫಲಕದ ಅಡಿಯಲ್ಲೇ ವೇಟರ್ ನಿಂತಿದ್ದ. ನಾನು ಕೆಮ್ಮಿದೆ, ಎರಡನೇ ತುಂಡು ಮುರಿಯುವಾಗ ಕಾಕಾ ಕೆಮ್ಮಿದ. ಮೇಡಂಗೆ ನಮ್ಮ ಕೆಮ್ಮಿನ ಪರಿವೆಯೇ ಇಲ್ಲ, ಕಣ್ಣು ಮುಚ್ಚಿ ಅಗಿಯುತ್ತಿದ್ದರು. "ಸೂಪರ್ ಸರ್," ಎಂದು ಅವ್ವನಿಗೆ ಕೇಳದಂತೆ ಪಿಸುಗುಟ್ಟಿದರು. "ಆಕ್ಸ್‌ಫರ್ಡಿನಲ್ಲಿ 2004ರಲ್ಲಿ ಚಿಪ್ಸ್ ತಿನ್ನಿಸಿ ಒಂದು ಪ್ರಯೋಗ ಮಾಡಿದ್ರು. ಅಗಿಯೋ ಸದ್ದನ್ನೇ ಹೆಡ್‌ಫೋನಿನಲ್ಲಿ ಜೋರು ಮಾಡಿ ಕೇಳಿಸಿದರೆ, ಅದೇ ಚಿಪ್ಸು ಜನಕ್ಕೆ ಇನ್ನೂ ಗರಿಗರಿ ಅನ್ನಿಸ್ತಂತೆ. ಆ ಪ್ರೊಫೆಸರುಗಳಿಗೆ 2008ರಲ್ಲಿ ಇಗ್ ನೊಬೆಲ್ ಬಂತು. ಇದಕ್ಕೇ ನಾನು ಗದ್ದಲವಿಲ್ಲದ ಜಾಗ ಕೇಳಿದ್ದು. ನಿಮ್ಮ ರೊಟ್ಟಿ ಕಿವೀಲೇ ಪಾಸಾಯ್ತು."

ಇನ್ನು ರೇಟು. ಆಗ ಹೊಳೆಯಿತು ಸದ್ದಿಲ್ಲದ ಜಾಗದ ನಿಜವಾದ ಫಜೀತಿ. ಗದ್ದಲದಲ್ಲಿ ನಮ್ಮ ಮಾತು ನಮಗೆ ಮಾತ್ರ ಕೇಳುತ್ತದೆ. ಇಲ್ಲಿ ಪಿಸುಮಾತೂ ಮೂಲೆಯ ಮೇಜಿಗೆ ಮುಟ್ಟುತ್ತದೆ. ದೊಡ್ಡ ಆಫೀಸುಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಿರಲೆಂದು ಬೇಕೆಂತಲೇ ಸಣ್ಣಗೆ ಭರ್ ಎಂಬ ಸದ್ದು ಬಿಡುವ ಯಂತ್ರ ಇಡುತ್ತಾರಂತೆ. ಸೂಟಿನ ಸಾಹೇಬರು ನಮ್ಮ ರೊಟ್ಟಿಯ ಸದ್ದು ಕೇಳಿದಾಗಿನಿಂದ ಕಿವಿ ಈ ಕಡೆಗೇ ಇಟ್ಟಿದ್ದರು. ಸಾಲದ್ದಕ್ಕೆ ಅವ್ವನ ಕಾಯ್ದೆ ಜಾರಿಯಲ್ಲಿತ್ತು. ಸದ್ದಿದ್ದರೆ ಕೇಳುವುದಿಲ್ಲ, ಸದ್ದಿಲ್ಲದಿದ್ದರೆ ಹೇಳುವಂತಿಲ್ಲ. ನಾನು ವಿಜಿಟಿಂಗ್ ಕಾರ್ಡು ತೆಗೆದು, ತಿರುವಿ, ಒಳಗಿಟ್ಟೆ.

ನನ್ನಾಕೆ ಮಡಿಲಲ್ಲಿದ್ದ ನ್ಯಾಪ್ಕಿನ್ ಕೊಡವಿದಳು. ಬಿಳೀ, ದಪ್ಪ, ಟವೆಲ್ಲಿನಷ್ಟು ದೊಡ್ಡದು. "ಅಕ್ಕಾರ, ಕೈ ಕೊಡ್ರಿ," ಎಂದು ಮೇಡಂ ಕೈ ಹಿಡಿದು ಅದರ ಮೇಲೆ ನ್ಯಾಪ್ಕಿನ್ ಹೊದಿಸಿದಳು.

ನಮ್ಮ ಮಾವ ದನದ ಸಂತೆಯ ದಲಾಲರಾಗಿದ್ದರು. ಸಂತೆಯಲ್ಲಿ ಎತ್ತು ಕೊಳ್ಳುವವನೂ ಮಾರುವವನೂ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳು ಒತ್ತುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ನೂರೋ ಸಾವಿರವೋ ಎಂಬುದನ್ನು ಮೊದಲೇ ಮಾತಾಡಿಕೊಂಡಿರುತ್ತಾರೆ. ಸುತ್ತ ನೂರು ಮಂದಿ, ನೂರು ದನ, ಕಿವಿ ಕಿವುಡಾಗುವ ಗದ್ದಲ. ಬೆಲೆ ಮಾತ್ರ ಇಬ್ಬರಿಗಷ್ಟೇ ಗೊತ್ತು. ಸಣ್ಣವಳಿದ್ದಾಗ ಅವಳು ಅಪ್ಪನ ಜೊತೆ ಸಂತೆಗೆ ಹೋಗುತ್ತಿದ್ದಳಂತೆ. ಮದುವೆಯಾಗಿ ಇಷ್ಟು ವರ್ಷ ಈ ವಿದ್ಯೆ ನಮ್ಮ ಮನೆಯಲ್ಲಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಮೇಡಂ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಕುತೂಹಲ, ಆಮೇಲೆ ಖರೀದಿ ವಿಭಾಗ. ನ್ಯಾಪ್ಕಿನ್ ಅಲುಗಾಡಿತು. ಮೇಡಂ ಹುಬ್ಬೇರಿಸಿದರು. ನನ್ನಾಕೆ ತಲೆ ಅಲ್ಲಾಡಿಸಿದಳು. ಮತ್ತೆ ಅಲುಗಾಟ. ಮೇಡಂ ಒಂದು ಬೆರಳು ಬಿಡಿಸಿಕೊಳ್ಳಲು ನೋಡಿದಂತಿತ್ತು, ಇವಳು ಬಿಡಲಿಲ್ಲ. ರೊಟ್ಟಿ ಬಡಿದು ಗಟ್ಟಿಯಾದ ಕೈ. ಅವ್ವ ಎಲ್ಲವನ್ನೂ ನೋಡುತ್ತ ಮೊಸರನ್ನ ಉಣ್ಣುತ್ತಿದ್ದಳು. ಯಾರೂ ಮಾತಾಡುತ್ತಿರಲಿಲ್ಲವಾದ್ದರಿಂದ ಅವಳ ತಕರಾರಿರಲಿಲ್ಲ. ಕೊನೆಗೆ ಮೇಡಂ ನಕ್ಕುಬಿಟ್ಟರು. ವ್ಯಾಪಾರ ಕುದುರಿತ್ತು.

ಬಿಲ್ಲು ಬಂತು. ಮೇಡಂ ತಮ್ಮ ಪಾಲು ತಾವೇ ಎಣಿಸಿ ಕೊಟ್ಟರು. ಮಾಲು ಕೊಡುವವರಿಂದ ಊಟ ಮಾಡಿಸಿಕೊಳ್ಳಬಾರದೆಂಬುದು ಅವರ ಕಂಪನಿಯ ನಿಯಮವಂತೆ. ಅತಿಥಿಯ ಕೈಯಲ್ಲಿ ರೊಕ್ಕ ಕೊಡಿಸಿದ್ದಕ್ಕೆ ಅವ್ವ ನನ್ನನ್ನು ನೋಡಿದ ನೋಟ ಯಾವ ಆ್ಯಪಿಗೂ ಸಿಗುವಂಥದ್ದಲ್ಲ. ಡಬ್ಬಿ ರೊಟ್ಟಿಯನ್ನು ಉಡುಗೊರೆಯೆಂದು ಒಯ್ಯಲೂ ಆ ನಿಯಮ ಬಿಡದ್ದರಿಂದ, ಅಧ್ಯಕ್ಷರು ಅದಕ್ಕೆ 'ಸ್ಯಾಂಪಲ್' ಎಂದು ಹೆಸರಿಟ್ಟು ಕೊಟ್ಟರು.

ಮೇಡಂ ಅವರನ್ನು ಕಳಿಸಿ ಮಠದ ಕಡೆ ಹೊರಟಾಗ ಕಾರಿನಲ್ಲಿ ಕೇಳಿದೆ, "ಎಷ್ಟಕ್ಕ ಕುದುರ್ತು?"

"ಟವೆಲ್ ಒಳಗಿನ ಮಾತು ಮೂರನೇದವರಿಗೆ ಹೇಳೂದಿಲ್ರಿ. ನಮ್ಮಪ್ಪನ ರಿವಾಜು."

"ನಾ ಮೂರನೇದವನಽ? ನಾ ಸಂಘದ ಮ್ಯಾನೇಜರ್!"

"ಹೌದಲ್ರಿ," ಅಂದಳು. "ಅದಕ್ಕಽ ಬಿಲ್ಲು ನಿಮ್ಮ ಕೈಯಾಗ ಕೊಟ್ಟಾರ."